ಜಲಜನಕದವರು ಒಯ್ದ ಕೊಡ

ನಮ್ಮೂರಿಗೆ ಸರ್ಕಾರದ ಸುದ್ದಿ ಬರುವುದು ಕಸದ ಗಾಡಿಯ ಮೇಲೆ. ಪಂಚಾಯತಿಯವರು ಆ ಗಾಡಿಗೆ ಒಂದು ಲೌಡ್‌ಸ್ಪೀಕರ್ ಕಟ್ಟಿದ್ದಾರೆ. ಅದು ಬೆಳಿಗ್ಗೆ ಹಸಿ ಕಸ, ಒಣ ಕಸ ಎಂದು ಹಾಡುತ್ತ ಓಣಿ ಹೊಕ್ಕು, ನಡುನಡುವೆ ಪೋಲಿಯೋ ಹನಿ, ಬೆಳೆ ವಿಮೆ, ನಳದ ಕರ ಎಂದು ಕೂಗಿ ಹೋಗುತ್ತದೆ. ಜೋಳದ ರಾಶಿ ಮುಗಿದು ಬಿಸಿಲು ಏರತೊಡಗಿದ್ದ ಒಂದು ದಿನ ಗಾಡಿಯವನು ಕೂಗಿದ್ದು ಇದು: "ನಾಳೆ ಮುಂಜಾನೆ ಸಾಲಿ ಬಯಲಾಗ ಹಸರ ಜಲಜನಕ ಯೋಜನಾದ ಸಭಾ ಐತಿ. ಎಲ್ಲಾರೂ ಬರ್ರಿ. ಚಾ, ಚುರಮರಿ ವ್ಯವಸ್ಥಾ ಐತಿ."

ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಜಲಜನಕ ಎಂದರೆ ಹೈಡ್ರೋಜನ್ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಸೆರಗೆಲ್ಲ ಸೀಮೆಸುಣ್ಣ. ಆದರೆ ನವಲಗುಂದ ತಾಲೂಕಿನಲ್ಲಿ ಯಾರಾದರೂ ಜಲ ಎಂದರೆ ಸಾಕು, ಮುಂದಿನ ಅಕ್ಷರ ಒಬ್ಬರ ಕಿವಿಗೂ ಬೀಳುವುದಿಲ್ಲ. ಪಡುವಣಕ್ಕೆ ಹರಿದುಹೋಗುವ ಹೊಳೆಯ ನೀರನ್ನು ಇತ್ತ ತಿರುಗಿಸಿರಿ ಎಂದು ಪೆಂಡಾಲು ಹಾಕಿಕೊಂಡು ಕೂತು ಕೂತು ಒಂದು ತಲೆಮಾರೇ ನರೆತ ಸೀಮೆ ಇದು. ಇನ್ನು ಹಸಿರು ಎಂಬುದು ನಮ್ಮ ಬಾಯಲ್ಲಿ ಹಸರು. ಹೊಲದಲ್ಲಿ ಬೆಳೆಯುವ ಹೆಸರುಕಾಳೂ ಆ ಹರಕು ಸ್ಪೀಕರಿನಲ್ಲಿ ಹಸರೇ. ಹೀಗಾಗಿ ಊರಿಗೆ ಊರೇ ತಿಳಿದುಕೊಂಡದ್ದು ಒಂದೇ: ಹೆಸರು ಬಿತ್ತುವ ಹೊಲಕ್ಕೆ ಸರ್ಕಾರ ನೀರು ಕೊಡುತ್ತದೆ.

"ಜನಕ ಅಂದ್ರ ಅಪ್ಪ ಅಲ್ಲೇನ?" ಎಂದು ನಮ್ಮತ್ತೆ ಕೇಳಿದರು. ರೊಟ್ಟಿ ಬಡಿಯುತ್ತಿದ್ದರು. ನಾನು ಹೌದೆಂದೆ.

"ಹಂಗಾರ ನೀರಿನ ಅಪ್ಪನ್ನ ಕರಕೊಂಡ ಬರಾಕತ್ತಾರ. ಇಷ್ಟ ವರ್ಷ ಮಗಳನ್ನ ಕಳಸ್ರಿ, ಗಂಗವ್ವನ್ನ ಕಳಸ್ರಿ ಅಂತ ಕೈ ಮುಗದ್ವಿ. ಆಕಿ ಬರಲಿಲ್ಲ. ಈಗ ಅಪ್ಪನ ಬರತಾನ ಅಂದ್ರ ಛಲೋ ಆತು ಬಿಡು."

"ಅತ್ತೀ, ಅದು ಗ್ಯಾಸ್ ರಿ. ನೀರ ಕೊಡೂದಲ್ಲ. ನೀರ ಒಡದ ಅದನ್ನ ತಗೀತಾರ."

"ಕೊಡ ಒಡದದ್ದ ಕೇಳೀನಿ, ನೀರ ಒಡದದ್ದ ಕೇಳಿಲ್ಲ. ಸಾಲಿಗೆ ಹೊತ್ತಾತು, ಹೋಗ ನೀ."

ಮೂವತ್ತು ಮಕ್ಕಳ ಬಾಯಿ ಮುಚ್ಚಿಸಬಲ್ಲ ನಾನು ಈ ಒಬ್ಬ ಹೆಂಗಸಿನ ಮುಂದೆ ಮದುವೆಯಾದಾಗಿನಿಂದ ಒಮ್ಮೆಯೂ ಗೆದ್ದಿಲ್ಲ. ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟೆ.

ಅತ್ತೆಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರಲ್ಲಿ ಎಲ್ಲಿ ಬೋರು ಕೊರೆದರೂ ಸವಳು ನೀರು, ಬಾಯಿಗಿಟ್ಟರೆ ಉಪ್ಪು. ಕುಡಿಯುವುದಕ್ಕೆ, ಅಡುಗೆಗೆ ಇರುವುದು ಕಾಲುವೆ ಬಿಟ್ಟಾಗ ತುಂಬಿಕೊಳ್ಳುವ ಒಂದು ಕೆರೆ. ಅದರ ಏರಿ ಹತ್ತುವ ಮೊದಲು ಚಪ್ಪಲಿ ಬಿಡಬೇಕು, ಕಾಲು ತೊಳೆಯಬೇಕು, ತೊಳೆದ ಕೊಡ ಮಾತ್ರ ಮುಳುಗಿಸಬೇಕು. ಈ ಕಾಯಿದೆಯನ್ನು ಯಾರು ಮಾಡಿದರೋ ಗೊತ್ತಿಲ್ಲ, ಜಾರಿ ಮಾಡುವವರು ನಮ್ಮತ್ತೆ. ನಸುಕು ಹರಿದ ಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತರೆಂದರೆ ರೊಟ್ಟಿಯ ಹೊತ್ತಿಗೇ ಏಳುವುದು. ಒಮ್ಮೆ ಒಬ್ಬ ಪೊಲೀಸ್ ಸಾಹೇಬರು ಬೂಟು ಹಾಕಿಕೊಂಡೇ ಏರಿ ಹತ್ತಿದಾಗ, "ನೀವು ಕಳ್ಳರನ್ನ ಹಿಡೀಲಿಕ್ಕೆ ಬಂದೀರೋ, ಕೆರಿ ಹೊಲಸ ಮಾಡಾಕೋ?" ಎಂದು ಕೇಳಿ ಇಳಿಸಿದ್ದರು. ಆ ಸಾಹೇಬರು ವರ್ಗವಾಗಿ ಹೋಗುವತನಕ ನಮ್ಮ ಓಣಿಯಲ್ಲಿ ಜೀಪಿನಿಂದ ಇಳಿಯಲಿಲ್ಲ.

ಇದು ಬರೀ ಅಧಿಕಾರದ ಚಪಲವಲ್ಲ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೇಸಿಗೆ ಕೆರೆ ಬತ್ತಿತ್ತಂತೆ. ಸವಳು ನೀರಲ್ಲೇ ಅಡುಗೆ. ಆ ನೀರಲ್ಲಿ ಮುಂಜಾನೆ ಇಟ್ಟ ಬೇಳೆ ಮಧ್ಯಾಹ್ನವಾದರೂ ಬೇಯುವುದಿಲ್ಲ. ಬೇಳೆ ಬೇಯಿಸಲು ಬಾರದ ಸೊಸೆ ಎಂದು ಬೈಸಿಕೊಂಡದ್ದನ್ನು ಈಗ ನಕ್ಕು ಹೇಳುತ್ತಾರೆ. ಆದರೆ ಅದೇ ಬೇಸಿಗೆ ಅವರ ಚೊಚ್ಚಲ ಕೂಸು ವಾಂತಿ ಭೇದಿಯಾಗಿ ತೀರಿಕೊಂಡಿತು. ಅದನ್ನು ಒಮ್ಮೆ ಮಾತ್ರ ಹೇಳಿದ್ದಾರೆ, ನಗದೆ. ಕೆರೆ ಇನ್ನೊಮ್ಮೆ ಬತ್ತಬಾರದು ಎಂಬುದರ ಹೊರತು ಅವರು ದೇವರ ಮುಂದೆ ಬೇರೇನನ್ನೂ ಕೇಳಿಕೊಂಡದ್ದನ್ನು ನಾನು ಕೇಳಿಲ್ಲ.

ಮರುದಿನ ಶಾಲೆಯ ಬಯಲು ತುಂಬಿತ್ತು. ಸರ್ಕಾರದ ಇಲಾಖೆಯೊಂದರಿಂದ ಬಂದವಳು ಮೈಸೂರು ಕಡೆಯ ಒಬ್ಬ ಹುಡುಗಿ, ಎಂಜಿನಿಯರ್. ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಕ್ಕಿಲ್ಲ. ಎಲ್ಲರಿಗೂ ಕೈ ಮುಗಿದು ಮುಗಿದು ಅವಳಿಗೇ ಸುಸ್ತಾಗಿತ್ತು. ನಮ್ಮ ಮನೆಯವರು, ಎಂದರೆ ನನ್ನ ಗಂಡ, ಪಂಚಾಯತಿ ಮೆಂಬರು. ಎಲ್ಲರಿಗಿಂತ ಮುಂದೆ ಹೋಗಿ ನಿಂತರು. ಟವೆಲಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡು ಹೋದದ್ದನ್ನು ನಾನು ನೋಡಿದ್ದೆ, ಕೇಳಿರಲಿಲ್ಲ.

"ನಿಮ್ಮ ಹೆಸರು ಸರ್?" ಎಂದಳು ಆ ಹುಡುಗಿ.

"ಹೌದ್ರಿ, ನಮ್ಮ ಹೆಸರ. ನಮ್ಮ ಹೊಲದ್ದ," ಎಂದು ಇವರು ಗಂಟು ಬಿಚ್ಚಿ ಅವಳ ಬೊಗಸೆಗೆ ಒಂದು ಹಿಡಿ ಹೆಸರುಕಾಳು ಸುರಿದರು. "ನೋಡ್ರಿ, ಅಗದಿ ಮಣಿ ಇದ್ದಂಗ ಐತಿ. ನೀರೊಂದ ಬಂತಂದ್ರ ಇದರ ಎರಡ ಪಟ್ಟ ಬೆಳೀತೀವಿ."

ಅವಳು ಬೊಗಸೆಯನ್ನು ನೋಡಿದಳು, ಇವರ ಮುಖ ನೋಡಿದಳು. ಪಾಪ, ಅದನ್ನು ಎಲ್ಲಿ ಇಡಬೇಕು ತಿಳಿಯದೆ ಭಾಷಣ ಮುಗಿಯುವವರೆಗೆ ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಳು. ನಾನು ತಲೆ ಚಚ್ಚಿಕೊಂಡೆ.

ಅವಳು ಹೇಳಿದ್ದು ಒಳ್ಳೆಯ ವಿಷಯವೇ. ನಮ್ಮ ಬಿಸಿಲು, ನಮ್ಮ ಗಾಳಿ ಎರಡರಿಂದಲೂ ಕರೆಂಟು ಮಾಡಿ, ಆ ಕರೆಂಟಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವ ಒಂದು ಪ್ರಾಯೋಗಿಕ ಘಟಕ. ಊರ ಹೊರಗೆ ದನ ಮೇಯುವ ಗಾಯರಾಣದ ಬರಡು ಮೂಲೆಯಲ್ಲಿ ಜಾಗ. ಹೊಗೆ ಇಲ್ಲ, ಮಸಿ ಇಲ್ಲ, ಅದಕ್ಕೇ ಹಸಿರು ಎನ್ನುವುದು. ಕಟ್ಟುವ ಕಂಪನಿಗೆ ರಾಜ್ಯ ಸರ್ಕಾರ ಯಂತ್ರಕ್ಕೆ ಸಹಾಯಧನ, ಕರೆಂಟಿಗೆ ರಿಯಾಯಿತಿ ಕೊಡುತ್ತದೆ. ಊರ ಹುಡುಗ ಹುಡುಗಿಯರಿಗೆ ಅಲ್ಲೇ ತರಬೇತಿ, ಕಲಿತವರಿಗೆ ಕೆಲಸ. ಊರಿನಿಂದ ಬೇಕಾದದ್ದು ಒಪ್ಪಿಗೆ, ಮತ್ತು ಸ್ವಲ್ಪ ಕೆರೆ ನೀರು.

ಕೊನೆಯ ಮಾತು ಬಂದದ್ದೇ ಬಯಲು ಗಪ್ಪಾಯಿತು. ಚುರಮರಿ ಅಗಿಯುವ ಸದ್ದೂ ನಿಂತಿತು.

"ಕೊಡೂದಲ್ಲೇನ್ರಿ? ತಗೊಳ್ಳೂದ?" ಎಂದರು ನಮ್ಮ ಮನೆಯವರು. ಅವರ ದನಿ ಕೇಳಿ ನನಗೇ ಕನಿಕರವಾಯಿತು.

ಹುಡುಗಿ ನನ್ನ ಕಡೆ ನೋಡಿ, "ಟೀಚರ್, ಸ್ವಲ್ಪ ನೀವೇ ಹೇಳಿ," ಎಂದಳು. ನಾನು ಎದ್ದು ನಿಂತು ಪಾಠ ಒಪ್ಪಿಸಿದೆ. ನೀರು ಎಂದರೆ ಜಲಜನಕ ಮತ್ತು ಆಮ್ಲಜನಕ ಕೂಡಿಕೊಂಡದ್ದು, ಕರೆಂಟು ಹಾಯಿಸಿದರೆ ಬೇರೆಯಾಗುತ್ತವೆ, ಜಲಜನಕ ಉರಿಯುತ್ತದೆ, ಎಂದು. ನೀರಿನಿಂದ ಬೆಂಕಿ ಎಂದರೆ ಜನ ಬೆರಗಾಗುತ್ತಾರೆ ಎಂದು ಎಣಿಸಿದ್ದೆ.

ಹಿಂದಿನ ಸಾಲಿನಿಂದ ಅತ್ತೆಯ ದನಿ ಬಂತು. "ಯಮನೂರಾಗ ಎಣ್ಣಿ ಬದಲಿ ಹಳ್ಳದ ನೀರ ಹಾಕಿ ದೀಪಾ ಹಚ್ಚತಾರ. ದರ್ಗಾಕ್ಕ ಹೋದವರಿಗೆಲ್ಲಾ ಗೊತ್ತೈತಿ. ಅದಕ್ಕ ಸಬ್ಸಿಡೀನೂ ಬೇಕಾಗಿಲ್ಲ."

ಬಯಲು ಗೊಳ್ಳೆಂದಿತು. ಹುಡುಗಿಯೂ ನಕ್ಕಳು. ನಾನೊಬ್ಬಳೇ ನಗಲಿಲ್ಲ. ಅತ್ತೆ ಅಷ್ಟಕ್ಕೇ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು.

"ಈ ಜಲಜನಕ ಎಲ್ಲೆ ಉರಸ್ತೀರಿ ಯವ್ವಾ?"

"ಮಂಗಳೂರು ಕಡೆ ಕಾರ್ಖಾನೆಗಳಿಗೆ ಹೋಗುತ್ತೆ ಅಜ್ಜಿ."

"ಉರದ ಮ್ಯಾಲೆ ಏನ ಆಗತೈತಿ?" ಈ ಸಲ ನನ್ನನ್ನು ಕೇಳಿದರು. ಪುಸ್ತಕದಲ್ಲಿ ಇದ್ದದ್ದನ್ನು ಹೇಳಲೇಬೇಕಲ್ಲ. "ಮತ್ತ ನೀರ ಆಗತೈತ್ರಿ. ಹಬೆಯಾಗಿ ಹೋಗತೈತಿ."

"ಅಂದ್ರ ನಮ್ಮೂರ ಕೆರಿ ನೀರ ಹೋಗಿ ಮಂಗಳೂರಾಗ ಬೀಳತೈತಿ? ಅಲ್ಲೇನ ಮಳಿ ಕಡಿಮಿ ಬಿದ್ದೈತೇನ?"

ನಲವತ್ತು ದಾಟಿದ ಗಂಡಸರೂ ಟವೆಲಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕೂತ ನನ್ನ ಹುಡುಗಿಯರು ಬಯಲಿನ ಒಂದು ಬದಿಗೆ ನಿಂತಿದ್ದರು, ತರಬೇತಿ ಎಂದಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೆ. ಇವರಿಗೆ ಎಲ್ಲವೂ ತಮಾಷೆ ಎಂದು ಅತ್ತೆಯ ಮೇಲೆ ಸಿಟ್ಟು ಬಂತು.

ಹುಡುಗಿ ಮಾತ್ರ ಜಾಣೆ. ಇವತ್ತು ಒಪ್ಪಿಗೆ ಬೇಡ, ನೀರಿನ ಮಾದರಿಯೊಂದನ್ನು ಒಯ್ದು ಪರೀಕ್ಷೆ ಮಾಡುತ್ತೇವೆ, ಒಪ್ಪಿಗೆಯ ಮಾತು ಮುಂದಿನ ಗ್ರಾಮಸಭೆಗೆ ಎಂದಳು. ಅವಳೂ ಡ್ರೈವರನೂ ಕೆರೆಗೆ ಹೊರಟರು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕ್ಯಾನು, ಕಾಲಲ್ಲಿ ಬೂಟು. ಏನಾಗುತ್ತದೆಂದು ಗೊತ್ತಿದ್ದ ನಾನು ಹಿಂದಿನಿಂದ ಓಡಿದೆ, ಆದರೆ ಅತ್ತೆ ನನಗಿಂತ ಮೊದಲೇ ಏರಿಯ ಬುಡದಲ್ಲಿ ಹಾಜರು.

"ಬೂಟ ಬಿಡ್ರಿ. ಆ ಡಬ್ಬಿ ಇಲ್ಲೆ ನಡೆಯೂದಿಲ್ಲ, ಅದರಾಗ ಮೊದಲ ಏನಿತ್ತೋ ಏನೋ. ನಿಂದರ್ರಿ." ಮನೆಗೆ ಹೋಗಿ ತಮ್ಮ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದರು. ಮದುವೆಯಲ್ಲಿ ತವರಿನವರು ಕೊಟ್ಟ ಕೊಡ, ನನ್ನ ಕೈಗೂ ಕೊಡುವುದಿಲ್ಲ. ತಾವೇ ಇಳಿದು ತುಂಬಿ, ಸೆರಗಿನಿಂದ ಸೋಸಿ, ಬಾಯಿಗೆ ಬಾಳೆ ಎಲೆ ಕಟ್ಟಿ ಹುಡುಗಿಯ ಸೊಂಟದ ಮೇಲೆ ಇಟ್ಟರು. ಅವಳು ಬರಿಗಾಲಲ್ಲಿ, ಕಾದ ನೆಲದ ಮೇಲೆ ಕುಣಿಯುತ್ತ, ಕೊಡವನ್ನು ಕೂಸು ಎತ್ತಿಕೊಂಡಂತೆ ಎತ್ತಿಕೊಂಡು ಕಾರಿನವರೆಗೆ ಹೋದಳು. ಅತ್ತೆ ಆ ರಾತ್ರಿ ಊಟಕ್ಕೆ ಕೂತಾಗ, "ಹುಡುಗಿ ಛಲೋ ಅದಾಳ, ನಡಿಯಾಕ ಬರೂದಿಲ್ಲ ಅಷ್ಟ," ಎಂದರು.

ಕೊಡ ಮರಳಿ ಬಂದದ್ದು ಒಂದು ವಾರದ ಮೇಲೆ. ಆ ದಿನ ಹುಡುಗಿ ಬಂದಿರಲಿಲ್ಲ. ಡ್ರೈವರ್ ಒಬ್ಬನೇ ಬಂದು, ಯಾರನ್ನೂ ಕರೆಯದೆ, ನಮ್ಮ ಕಟ್ಟೆಯ ಮೇಲೆ ಅದನ್ನು ಇಟ್ಟು ಹೋಗಿದ್ದ. ಬರಿದಾಗಿ. ಅದೂ ಬೋರಲು.

ನಮ್ಮ ಕಡೆ ಒಬ್ಬರ ಮನೆಯ ಪಾತ್ರೆ ಒಯ್ದರೆ ಬರಿದು ಮಾಡಿ ಮರಳಿಸುವುದಿಲ್ಲ. ಹಿಟ್ಟಿನ ಡಬ್ಬಿಯೋ ಮಜ್ಜಿಗೆಯ ಚರಿಗೆಯೋ, ಹಿಂದಿರುಗಿಸುವಾಗ ಒಳಗೆ ಒಂದಿಷ್ಟು ಸಕ್ಕರೆ, ಅದಿಲ್ಲದಿದ್ದರೆ ನಾಲ್ಕು ಕಾಳು ಜೋಳವಾದರೂ ಇರಬೇಕು. ಬಾಜು ಮನೆಯಲ್ಲಿ ಜಮಖಾನೆ ನೇಯುವ ಮುಸ್ಲಿಂ ಹೆಂಗಸು ನಮ್ಮ ಪಾತ್ರೆಯನ್ನು ಖಾಲಿ ಕಳಿಸಿದ್ದೇ ಇಲ್ಲ, ನಾವೂ ಅವಳದನ್ನು ಕಳಿಸಿಲ್ಲ. ಒಂದೇ ಹಿಡಿ ಸಕ್ಕರೆ ನಮ್ಮಿಬ್ಬರ ಮನೆಗಳ ನಡುವೆ ವರ್ಷಗಟ್ಟಲೆ ಓಡಾಡುತ್ತಿದೆ ಎಂದು ನಾನು ತಮಾಷೆ ಮಾಡುವುದುಂಟು. ಇನ್ನು ಬೋರಲು ಹಾಕುವುದು ಒಳಗೆ, ಬಚ್ಚಲಲ್ಲಿ. ಹೊಸ್ತಿಲ ಮುಂದೆ ಬೋರಲು ಬಿದ್ದ ಕೊಡ ಎಂದರೆ ಆ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದೇ ನೋಡಿದವರ ಎಣಿಕೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾನು ಹೆದರುತ್ತಿರಲಿಲ್ಲ. ಕೊಡವನ್ನು ನೆಟ್ಟಗೆ ಇಟ್ಟು, ಒಳಗೆ ಇಣುಕಿ ನೋಡಿ, ಕೈ ಹಾಕಿ ತಳ ಸವರಿ, "ಒಂದ ಕಾಳೂ ಇಲ್ಲ," ಎಂದರು. ಅಷ್ಟೇ. ಮರುದಿನದಿಂದ ನೀರಿಗೆ ಬಂದ ಪ್ರತಿಯೊಬ್ಬ ಹೆಂಗಸಿಗೂ ಆ ಕೊಡದ ಒಳಗನ್ನು ತೋರಿಸಿದರು. ಕಸದ ಗಾಡಿಗೆ ಕೂಡ ಅಷ್ಟು ಜೋರಾಗಿ ಸುದ್ದಿ ಮುಟ್ಟಿಸಲು ಬರುವುದಿಲ್ಲ.

ಗ್ರಾಮಸಭೆಗೆ ಹುಡುಗಿಯ ಜೊತೆ ಅವಳ ಮೇಲಿನ ಸಾಹೇಬರೂ ಬಂದಿದ್ದರು. ಭಾಷಣ ಶುರುವಾಗುವ ಮೊದಲೇ ಅತ್ತೆ ಸರಸರ ನಡೆದು ಹೋಗಿ ಕೊಡವನ್ನು ಸಾಹೇಬರ ಮುಂದೆ ಮೇಜಿನ ಮೇಲೆ ಇಟ್ಟು, ಸುಮ್ಮನೆ ಬಂದು ಕೂತರು. ಸಾಹೇಬರು ಅದನ್ನು ಕಲಶ ಎಂದುಕೊಂಡರು. ಎದ್ದು ನಿಂತು, ಬೂಟು ಬಿಚ್ಚಿ, ತಮಗೆ ಹಾಕಿದ್ದ ಸೇವಂತಿಗೆ ಹಾರವನ್ನು ಕೊಡಕ್ಕೆ ಹಾಕಿ ಕೈ ಮುಗಿದರು. "ಈ ನೆಲದ ಹೆಣ್ಣುಮಕ್ಕಳು ತೋರಿದ ಪ್ರೀತಿಗೆ ಸರ್ಕಾರ ಋಣಿಯಾಗಿದೆ," ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಗು ಬಂದವರು ಸೆರಗು ಬಾಯಿಗೆ ತುರುಕಿಕೊಂಡರು. ಹುಡುಗಿ ಎಲ್ಲೋ ಎಡವಿದ್ದೇವೆ ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

"ಅದು ಪೂಜಿದಲ್ರಿ," ಎಂದರು ಅತ್ತೆ. "ಒಳಗ ನೋಡ್ರಿ. ನಿಮ್ಮವರು ತುಂಬಿದ ಕೊಡ ಒಯ್ದರು, ಬರೇದ ತಂದ ಬೋರಲ ಹಾಕಿ ಹೋದರು. ಒಂದ ಕೊಡಾ ಒಯ್ದವರಿಗೆ ಒಂದ ಚಮಚಾ ಸಕ್ರಿ ಹಾಕಿ ಕೊಡೂದ ತಿಳೀಲಿಲ್ಲ. ಕೆರೀನ ಒಯ್ದರ ಏನ ಕೊಡ್ತೀರಿ? ನನ್ನ ಕೈಲೆ ಇನ್ನೊಮ್ಮಿ ಸವಳ ನೀರಾಗ ಬ್ಯಾಳಿ ಬೇಸೂದ ಆಗೂದಿಲ್ರಿ. ನಾ ಆ ಬ್ಯಾಸಗಿ ನೋಡೀನಿ."

ಕಡೆಯ ಮಾತಿಗೆ ಅವರ ದನಿ ಒಡೆಯಿತು. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದು ಕೇಳಿದಾಗ ಒಂದು ಕೈಯೂ ಏಳಲಿಲ್ಲ. ನನ್ನ ಕೈ ಅರ್ಧ ಎದ್ದದ್ದು ನಿಜ, ನಮ್ಮ ಮನೆಯವರು ಅದನ್ನು ಹಿಡಿದು ಕೆಳಗಿಳಿಸಿದರು. ಹೀಗಾದರೆ ಯೋಜನೆ ಬೇರೆ ತಾಲೂಕಿಗೆ ಹೋಗುತ್ತದೆ ಎಂದು ಸಾಹೇಬರು ಗಂಟುಮುಖ ಹಾಕಿಕೊಂಡು ಬೂಟು ಹುಡುಕತೊಡಗಿದರು.

ಜನ ಚದುರಿದ ಮೇಲೆ ಹುಡುಗಿ ಅತ್ತೆಯ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು. "ತಪ್ಪಾಯ್ತು ಅಜ್ಜಿ. ನಾನೇ ತಂದುಕೊಡಬೇಕಿತ್ತು. ಇನ್ನೊಂದು ಸಲ ಆ ಕೊಡ ಕೊಡಿ."

"ಕೊಡ ಕೊಡ್ಲೋ? ಮತ್ತ?" ಅತ್ತೆ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಅವಳು ಆಗಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು. "ಒಯ್ಯಿ. ನೀರ ಮಾತ್ರ ಹಾಕೂದಿಲ್ಲ."

ಅಂದು ಸಂಜೆ ನಾನು ಅತ್ತೆಯೊಂದಿಗೆ ಜಗಳಾಡಿದೆ. ಒಂದು ಚಮಚ ಸಕ್ಕರೆಗಾಗಿ ಊರ ಹುಡುಗಿಯರ ಕೆಲಸ ಕಳೆದಿರಲ್ಲ ಎಂದೆ. ಅತ್ತೆ ಹೆಸರುಕಾಳು ಹಸನು ಮಾಡುತ್ತಿದ್ದವರು ಮೊರವನ್ನು ಕೆಳಗಿಟ್ಟು, "ಅವರಿಗೆ ಕೆಲಸ ಬೇಕು, ನನಗೂ ಗೊತ್ತೈತಿ. ಕೆಲಸಾ ಮುಗಿಸಿ ಮನಿಗೆ ಬಂದ ಮ್ಯಾಲೆ ಅವರ ಏನ ಕುಡೀಬೇಕು?" ಎಂದರು. ನಾನು ಇನ್ನಷ್ಟು ಜೋರಾಗಿ ಕೂಗಾಡಿದೆ. ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ನಮ್ಮ ಮನೆಯವರ ಮೂಲಕ ನಡೆಯಿತು. ಉಪ್ಪು ಕೊಡು ಎಂದು ಹೇಳಲೂ ಅವರನ್ನು ಹೊಲದಿಂದ ಕರೆಸುವುದೊಂದು ಬಾಕಿ.

ಹುಡುಗಿ ಮತ್ತೆ ಬಂದದ್ದು ಬಿಸಿಲು ಕಡಿಮೆಯಾಗಿ ಮುಂಗಾರಿನ ಮೋಡ ಕಟ್ಟತೊಡಗಿದಾಗ. ಕಾರನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಬರಿಗಾಲಲ್ಲಿ, ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆದು ಬಂದಳು. ಈ ಸಲ ಸರಿಯಾಗಿ ನಡೆಯುತ್ತಿದ್ದಳು. ಎಲ್ಲೋ ಅಭ್ಯಾಸ ಮಾಡಿರಬೇಕು. ಕೊಡದ ಬಾಯಿಗೆ ಬಾಳೆ ಎಲೆ ಕಟ್ಟಿತ್ತು. ಅತ್ತೆ ಎಲೆ ಸರಿಸಿ ಇಣುಕಿದರು, ನಾನೂ ಇಣುಕಿದೆ. ತಳದಲ್ಲಿ ಒಂದಿಷ್ಟು ನೀರು.

"ಯಾವ ಕೆರೀದು?"

"ಯಾವ ಕೆರೇದೂ ಅಲ್ಲ ಅಜ್ಜಿ. ಜಲಜನಕದ್ದು."

ಅವರ ತರಬೇತಿ ಕೇಂದ್ರದಲ್ಲಿ ಒಂದು ಯಂತ್ರವಿದೆಯಂತೆ. ಅದಕ್ಕೆ ಜಲಜನಕ ಊಡಿದರೆ ಕರೆಂಟು ಕೊಡುತ್ತದೆ, ಹಿಂದಿನ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ. ಎಲ್ಲರೂ ಆ ನೀರನ್ನು ಮೋರಿಗೆ ಬಿಡುತ್ತಾರೆ. ಇವಳು ಕೊಳವೆಯ ಕೆಳಗೆ ನಮ್ಮತ್ತೆಯ ತಾಮ್ರದ ಕೊಡ ಇಟ್ಟು ದಿನವೂ ಕಾದಿದ್ದಾಳೆ. ಅಲ್ಲಿಯ ಜನ ಅವಳನ್ನು ನೋಡಿ ನಕ್ಕಿದ್ದಾರೆ. ಜಲಜನಕ ಎಂದರೆ ನೀರನ್ನು ಹುಟ್ಟಿಸುವುದು ಎಂದು ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೆ! ಹುಟ್ಟಿದ ನೀರನ್ನು ಕಣ್ಣಾರೆ ನೋಡಿದ್ದು ಅಂದೇ ಮೊದಲು. ನಾನು ಕೊಡದೊಳಗೆ ಮತ್ತೆ ಮತ್ತೆ ಇಣುಕಿದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅತ್ತೆ ಹಾಗೆ ನೋಡುತ್ತ ಕೂರಲಿಲ್ಲ. ಅಂಗೈಗೆ ಸುರಿದುಕೊಂಡು ಗುಟುಕರಿಸಿ ಮುಖ ಸಿಂಡರಿಸಿದರು. "ರುಚೀನ ಇಲ್ಲ. ಅಪ್ಪನಕಿಂತ ಮಗಳ ಛಲೋ ಇದ್ಲು." ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ದಿನಗಳ ಮೌನ ಮುರಿದು, "ತೊಗರಿಬ್ಯಾಳಿ ತಾ," ಎಂದರು. "ಬಾಯಿಲೆ ಹೇಳೂದ ಎಲ್ಲಾರಿಗೂ ಬರತೈತಿ. ಬೇಯ್ತಾವೋ ಇಲ್ಲೋ ನೋಡೂಣು." ಶುದ್ಧ ನೀರಿನಲ್ಲಿ ಬೇಳೆ ಬೆಂದೇ ಬೇಯುತ್ತದೆ ಅತ್ತೀ, ಎಂದು ಹೇಳಹೊರಟು ನಾಲಿಗೆ ಕಚ್ಚಿಕೊಂಡೆ. ಮಾತು ಈಗಷ್ಟೇ ಶುರುವಾಗಿತ್ತು.

ಒಲೆಯ ಮುಂದೆ ಕೂತೇ ಅತ್ತೆ ಕೇಳಿದರು: "ಕೆರಿ?"

"ಕೆರೆ ಮುಟ್ಟಲ್ಲ ಅಜ್ಜಿ. ಗಾಯರಾಣದಲ್ಲಿ ಸವಳು ನೀರಿನ ಹಳೇ ಬೋರು ಇದೆಯಲ್ಲ, ಅದನ್ನೇ ಶುದ್ಧ ಮಾಡಿ ಬಳಸ್ತೀವಿ. ಖರ್ಚು ಜಾಸ್ತಿ ಅಂತ ಮೇಲಿನವರು ಬೇಡ ಅಂದಿದ್ದರು. ಆ ಖರ್ಚಿಗೂ ನೆರವು ಕೊಡಬೇಕು, ಇಲ್ಲದಿದ್ದರೆ ಈ ಊರು ಒಪ್ಪಲ್ಲ ಅಂತ ಹಟ ಹಿಡಿದೆ. ಒಪ್ಪಿದ್ದಾರೆ. ಇವತ್ತು ಮತ್ತೆ ಗ್ರಾಮಸಭೆ ಕರೆಸಿದ್ದೀನಿ, ಅಲ್ಲಿ ಎಲ್ಲರ ಮುಂದೆ ಹೇಳ್ತೀನಿ."

ಸೌದೆ ಮುಂದೆ ನೂಕುತ್ತಿದ್ದ ಅತ್ತೆಯ ಕೈ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು, ಹೊಗೆ ಜಾಸ್ತಿ ಆತು ಎಂದು ನನಗೇ ಬೈದರು. ಹೊಗೆ ಇರಲಿಲ್ಲ.

ಸಭೆಯಲ್ಲಿ ಹುಡುಗಿ ಹೇಳಿದ್ದನ್ನು ಕೇಳಿ ನಮ್ಮ ಮನೆಯವರು ಎದ್ದು ನಿಂತರು. ಹೆಸರುಕಾಳಿನ ಅವಮಾನ ಇನ್ನೂ ಮನಸ್ಸಿನಲ್ಲಿತ್ತು ಎಂದು ಕಾಣುತ್ತದೆ, ಎದೆಯುಬ್ಬಿಸಿ ಕೇಳಿದರು: "ಶುದ್ಧ ಮಾಡಿದ ಮ್ಯಾಲೆ ಉಳದ ಉಪ್ಪನೀರ ಎಲ್ಲೆ ಚೆಲ್ಲತೀರಿ? ನಮ್ಮ ಹೊಲಕ್ಕ ಹರೀಬಾರದು." ಹೊಲಗಳಿಂದ ದೂರ, ತಳಕ್ಕೆ ಹಾಸು ಹಾಕಿದ ಹೊಂಡದಲ್ಲಿ ಒಣಗಿಸುತ್ತೇವೆ ಎಂದು ಅವಳು ಹೇಳಿದಳು. ಕೈ ಎತ್ತಿ ಎಂದಾಗ ಊರಿಗೆ ಊರೇ ಕುತ್ತಿಗೆ ತಿರುಗಿಸಿ ನಮ್ಮತ್ತೆಯನ್ನು ನೋಡಿತು. ಅತ್ತೆ ಮೊದಲು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು, ಸುಣ್ಣದ ಬೆರಳನ್ನು ಒರೆಸಿಕೊಂಡರು. ಆಮೇಲೆ ಕೈ ಎತ್ತಿದರು. ನನ್ನ ಹುಡುಗಿಯರು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿರಬೇಕು.

ಮನೆಗೆ ಬಂದು ನೋಡಿದರೆ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಅತ್ತೆ ಒಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ, ಬಹಳ ಹೊತ್ತು ಆ ಬೆರಳನ್ನೇ ನೋಡಿದರು. ಅದಕ್ಕೆ ಒಗ್ಗರಣೆ ಹಾಕಿ, ರೊಟ್ಟಿಯ ಜೊತೆ ಹುಡುಗಿಗೆ ಬಡಿಸಿದರು. ಅವಳು ಬೇಡ ಬೇಡ ಎನ್ನುತ್ತ ಮೂರು ರೊಟ್ಟಿ ತಿಂದಳು.

ಹೊರಡುವಾಗ ಅವಳು ಕಾರಿನಿಂದ ತನ್ನ ಸ್ಟೀಲಿನ ಬಾಟಲಿ ತಂದು, ಕುಡಿಯಲು ಸ್ವಲ್ಪ ನೀರು ಬೇಕೆಂದಳು. ನಾನು ಒಳಗಿನ ಹಂಡೆಯ ಕಡೆ ಹೊರಟೆ. ಅತ್ತೆ ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡರು. ನೋಯುವ ಮೊಣಕಾಲನ್ನು ಎಳೆದುಕೊಂಡು ತಾವೇ ಕೆರೆಗೆ ಹೋದರು. ನಾವಿಬ್ಬರೂ ಚಪ್ಪಲಿ ಬಿಟ್ಟು ಹಿಂದೆಯೇ ನಡೆದೆವು. ಕಾಲುವೆ ಬಿಟ್ಟಿದ್ದರು, ಕೆರೆ ಮೇಲಿನ ಮೆಟ್ಟಿಲವರೆಗೆ ತುಂಬಿತ್ತು. ಅತ್ತೆ ಬಾಟಲಿಯನ್ನು ತೊಳೆದು, ತುಂಬಿ, ಸೆರಗಿನಿಂದ ಹೊರಮೈ ಒರೆಸಿ ಅವಳ ಕೈಗಿಟ್ಟರು.

"ಇಲ್ಲೇ ಕುಡಿ."

ಅವಳು ಕುಡಿದಳು. ಗಟಗಟನೆ ಅರ್ಧ ಬಾಟಲಿ.

"ಹೆಂಗೈತಿ?"

"ಸಿಹಿಯಾಗಿದೆ ಅಜ್ಜಿ."

"ಹೋಗಿ ಸರ್ಕಾರಕ್ಕ ಹೇಳ," ಎಂದರು ಅತ್ತೆ.